‘ನನಗೆ’ಯಿಂದ ‘ಐ’ವರೆಗೆ: ಇಂಗ್ಲಿಷ್ ಮಾತಿನ ಆರು ಮೆಟ್ಟಿಲು

ಉಡುಪಿಯಲ್ಲಿ ಸಂಜೆಯ ಹೊತ್ತು ನಾನು ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸುತ್ತೇನೆ. ಮಣಿಪಾಲದಲ್ಲಿ ದುಡಿಯುವ ನರ್ಸ್‌ಗಳು, ಗಲ್ಫ್‌ಗೆ ಹೊರಟು ನಿಂತ ಎಲೆಕ್ಟ್ರಿಷಿಯನ್‌ಗಳು, ಮಲ್ಪೆಯಲ್ಲಿ ಹೋಮ್‌ಸ್ಟೇ ನಡೆಸುವವರು, ಮಕ್ಕಳ ಶಾಲೆಯ ಪೋಷಕರ ಸಭೆಯಲ್ಲಿ ಬಾಯಿ ತೆರೆಯಲೇಬೇಕೆಂದು ಹಟ ತೊಟ್ಟ ತಾಯಂದಿರು, ಎಲ್ಲ ಬಗೆಯವರೂ ಬರುತ್ತಾರೆ. ಮೊದಲ ದಿನ ಹೆಚ್ಚಿನವರು ಹೇಳುವುದು ಒಂದೇ ಮಾತು: “ಟೀಚರ್, ನನಗೆ ಗ್ರಾಮರ್ ಬರುವುದಿಲ್ಲ, ಮೊದಲಿನಿಂದ ಹೇಳಿಕೊಡಿ.”

‘ಮೊದಲಿನಿಂದ’ ಎಂದಾಗ ಅವರ ಮನಸ್ಸಿನಲ್ಲಿರುವುದು ಹನ್ನೆರಡು ಕಾಲಗಳ ಪಟ್ಟಿ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಬೇಸಗೆ ರಜೆಯಲ್ಲಿ ಮರೆತ ಪಟ್ಟಿ ಅದು. ಅದನ್ನೇ ಇನ್ನೊಮ್ಮೆ ಬಾಯಿಪಾಠ ಮಾಡಿಸಿದರೆ ಇನ್ನೊಮ್ಮೆ ಮರೆತುಹೋಗುತ್ತದೆ. ನಾನು ಹಿಡಿದಿರುವ ದಾರಿ ಬೇರೆ. ಮನೆಯಲ್ಲೇ ಕಲಿಯುವವರೂ ಹಂತ ಹಂತವಾಗಿ ಅನುಸರಿಸುವಂತೆ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀವು ಈಗ ಯಾವ ಮೆಟ್ಟಿಲಿನಲ್ಲಿದ್ದೀರೋ ಆ ಮೆಟ್ಟಿಲಿನ ಮುಳ್ಳನ್ನು, ಅಂದರೆ ಅಲ್ಲಿ ಪದೇ ಪದೇ ಚುಚ್ಚುವ ತಪ್ಪನ್ನು, ಮಾತ್ರ ತೆಗೆಯಬೇಕು. ಆ ಮುಳ್ಳು ಎಲ್ಲಿ ಹೊಕ್ಕಿದೆ ಎಂದು ಪತ್ತೆ ಹಚ್ಚಲು ವ್ಯಾಕರಣದ ಪುಸ್ತಕಕ್ಕಿಂತ ನಿಮ್ಮ ಕನ್ನಡ, ತುಳು, ಕೊಂಕಣಿಯೇ ಹೆಚ್ಚು ನೆರವಾಗುತ್ತವೆ. ನಾವು ಮಾಡುವ ತಪ್ಪುಗಳಲ್ಲಿ ಬಹಳಷ್ಟು ದಡ್ಡತನದಿಂದ ಬಂದವಲ್ಲ. ನಮ್ಮ ಭಾಷೆಯ ನಿಯಮವನ್ನು ಇಂಗ್ಲಿಷಿನಲ್ಲೂ ನಿಷ್ಠೆಯಿಂದ ಪಾಲಿಸಿದ್ದರಿಂದ ಬಂದವು.

ಅಳತೆಗೋಲು ಯಾವುದು?

ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ 2001ರಲ್ಲಿ ಭಾಷಾ ಕಲಿಕೆಗೆ ಒಂದು ಸಮಾನ ಚೌಕಟ್ಟನ್ನು ಪ್ರಕಟಿಸಿತು. ಅದರಲ್ಲಿ ಆರು ಮಟ್ಟಗಳಿವೆ: ಎ1, ಎ2, ಬಿ1, ಬಿ2, ಸಿ1, ಸಿ2. ‘ಎ’ ಎಂದರೆ ಆರಂಭದ ಹಂತ, ‘ಬಿ’ ಎಂದರೆ ಯಾರ ಆಸರೆಯೂ ಇಲ್ಲದೆ ನಿಭಾಯಿಸುವ ಹಂತ, ‘ಸಿ’ ಎಂದರೆ ಪಳಗಿದ ಹಂತ. ಇದು ಇಂಗ್ಲಿಷಿಗೆಂದೇ ಮಾಡಿದ ಅಳತೆಯಲ್ಲ. ಜರ್ಮನಿಗೆ ಹೋಗಲು ಜರ್ಮನ್ ಕಲಿಯುತ್ತಿರುವ ನಮ್ಮೂರಿನ ನರ್ಸ್‌ಗಳು ‘ಬಿ1 ಆಯಿತು, ಬಿ2 ಬಾಕಿ ಇದೆ’ ಎನ್ನುವಾಗ ಹೇಳುತ್ತಿರುವುದು ಇದೇ ಮಟ್ಟಗಳನ್ನು.

ಈ ಚೌಕಟ್ಟು ನಿಮಗೆ ಯಾವ ನಿಯಮ ಗೊತ್ತು ಎಂದು ಕೇಳುವುದಿಲ್ಲ, ಭಾಷೆಯಿಂದ ಯಾವ ಕೆಲಸ ಮಾಡಿಸಬಲ್ಲಿರಿ ಎಂದು ಕೇಳುತ್ತದೆ. ನನಗೆ ಅದು ಹಿಡಿಸಿದ್ದು ಇದೇ ಕಾರಣಕ್ಕೆ. ಎ2 ಮಟ್ಟದ ವಿವರಣೆಯಲ್ಲಿ, ಸರಳ ರಚನೆಗಳನ್ನು ಸರಿಯಾಗಿ ಬಳಸಿದರೂ ಮೂಲಭೂತ ತಪ್ಪುಗಳು ಪದೇ ಪದೇ ಆಗುತ್ತಿರುತ್ತವೆ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ತಪ್ಪು ಆ ಮಟ್ಟದ ಸಹಜ ಲಕ್ಷಣ ಎಂದು ಅಳೆಯುವವರೇ ಒಪ್ಪಿರುವಾಗ ಕಲಿಯುವವರು ನಾಚಿಕೊಳ್ಳುವುದೇಕೆ?

ಎಷ್ಟು ಸಮಯ ಬೇಕೆಂಬುದಕ್ಕೂ ಒಂದು ಅಂದಾಜು ಇದೆ. ಕೇಂಬ್ರಿಡ್ಜ್ ಪರೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಸೊನ್ನೆಯಿಂದ ಆರಂಭಿಸಿದವರು ಎ2 ತಲುಪಲು 180ರಿಂದ 200 ಗಂಟೆ, ಬಿ1ಕ್ಕೆ 350ರಿಂದ 400, ಬಿ2ಕ್ಕೆ 500ರಿಂದ 600, ಸಿ1ಕ್ಕೆ 700ರಿಂದ 800, ಸಿ2ಕ್ಕೆ 1000ದಿಂದ 1200 ಗಂಟೆಗಳ ಕಲಿಕೆ ಬೇಕು. ದಿನಕ್ಕೊಂದು ಗಂಟೆಯಂತೆ ಒಂದು ತಿಂಗಳು ಕ್ಲಾಸಿಗೆ ಹೋದರೆ ಮೂವತ್ತು ಗಂಟೆಯಾಯಿತು. ಅಷ್ಟರಲ್ಲಿ ಒಂದು ಮುಳ್ಳನ್ನು ಚೆನ್ನಾಗಿ ತೆಗೆಯಬಹುದು, ಆದರೆ ಮೆಟ್ಟಿಲು ಏರಲಾಗದು. ಎ2ರಲ್ಲಿರುವವರು ಬಿ2 ತಲುಪಲು ದಿನಕ್ಕೊಂದು ಗಂಟೆಯಂತೆ ಹೆಚ್ಚುಕಡಿಮೆ ಒಂದು ವರ್ಷ ಎಂದು ಲೆಕ್ಕ ಹಾಕಿಕೊಳ್ಳಿ. ಮೊದಲೇ ಇದನ್ನು ತಿಳಿದುಕೊಂಡವರು ಎರಡನೆಯ ತಿಂಗಳಲ್ಲಿ ನಿರಾಶರಾಗಿ ಬಿಟ್ಟುಹೋಗುವುದಿಲ್ಲ.

ಎರಡು ನಿಮಿಷ ರೆಕಾರ್ಡ್ ಮಾಡಿ

ಮೊದಲ ಕೆಲಸ, ನೀವೆಲ್ಲಿದ್ದೀರಿ ಎಂದು ನೋಡಿಕೊಳ್ಳುವುದು. ಮೊಬೈಲಿನಲ್ಲಿ ರೆಕಾರ್ಡರ್ ತೆರೆಯಿರಿ. ಏನನ್ನೂ ಬರೆದುಕೊಳ್ಳದೆ, ನಿನ್ನೆ ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಿ. ನಡುವೆ ನಿಲ್ಲಿಸಬೇಡಿ. ಪದ ಸಿಗದಿದ್ದರೆ ಕನ್ನಡ ಪದವನ್ನೇ ಹಾಕಿ ಮುಂದೆ ಹೋಗಿ.

ಆಮೇಲೆ ಕೇಳಿಸಿಕೊಳ್ಳಿ. ಬಿಡಿ ಪದಗಳು, ಅರ್ಧ ವಾಕ್ಯಗಳಷ್ಟೇ ಬಂದಿದ್ದರೆ ಎ1. ಸಣ್ಣ ಸಣ್ಣ ವಾಕ್ಯಗಳು ಬಂದು, ಅವುಗಳ ನಡುವೆ ‘ದೆನ್, ದೆನ್’ ಎಂಬ ಒಂದೇ ಕೊಂಡಿ ಇದ್ದರೆ ಎ2. ಕಥೆ ಓಡುತ್ತದೆ, ಭೂತಕಾಲ ಹೆಚ್ಚಿನ ಕಡೆ ಸರಿಯಾಗಿದೆ, ಪದ ಹುಡುಕಲು ಮಾತ್ರ ಅಲ್ಲಲ್ಲಿ ನಿಲ್ಲುತ್ತೀರಿ ಎಂದಾದರೆ ಬಿ1. ನಡುವೆ ಕಾರಣ ಹೇಳಿ, ಬದಿಗೆ ಸರಿದು, ಮತ್ತೆ ಕಥೆಗೆ ಮರಳಿ, ತಪ್ಪಿದಲ್ಲಿ ನೀವೇ ತಿದ್ದಿಕೊಂಡಿದ್ದರೆ ಬಿ2. ಅದೇ ಸಂಗತಿಯನ್ನು ಗೆಳೆಯರಿಗೊಂದು ರೀತಿ, ಮೇಲಧಿಕಾರಿಗೆ ಇನ್ನೊಂದು ರೀತಿ ಹೇಳಬಲ್ಲಿರಾದರೆ ಸಿ1ರ ಬಾಗಿಲಲ್ಲಿದ್ದೀರಿ.

ಮತ್ತೆ ಮತ್ತೆ ಬಂದ ಮೂರು ತಪ್ಪುಗಳನ್ನು ಬರೆದಿಟ್ಟುಕೊಳ್ಳಿ. ಒಂದೇ ಸಲ ಆದ ತಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಾಲಿಗೆ ತಡವರಿಸಿದ್ದು ಅಷ್ಟೆ. ರೆಕಾರ್ಡಿಂಗನ್ನು ದಿನಾಂಕ ಹಾಕಿ ಉಳಿಸಿ, ಮುಂದೆ ಅದು ಬೇಕಾಗುತ್ತದೆ.

ಎ1: ‘ನನಗೆ’ ಎಂಬ ಮೊದಲ ಮುಳ್ಳು

ಎ1ರಲ್ಲಿ ನಿಮ್ಮಿಂದ ನಿರೀಕ್ಷಿಸುವುದು ಬಹಳ ಕಡಿಮೆ. ಹೆಸರು, ಊರು, ಕೆಲಸ, ಮನೆಮಂದಿ, ಬೆಲೆ, ಸಮಯ ಹೇಳಬೇಕು, ಕೇಳಬೇಕು. ಎದುರಿನವರು ನಿಧಾನವಾಗಿ ಮಾತನಾಡಿ, ತಡವರಿಸಿದಲ್ಲಿ ಕೈಹಿಡಿದರೆ ಸಾಕು. ವ್ಯಾಕರಣದಲ್ಲಿ ‘ಆಮ್, ಈಸ್, ಆರ್’, ‘ಹ್ಯಾವ್’, ‘ಕ್ಯಾನ್’, ವರ್ತಮಾನದ ಸರಳ ವಾಕ್ಯ, ಏಕವಚನ ಬಹುವಚನ ಇಷ್ಟು ಬಂದರೆ ಆಯಿತು.

ಇಷ್ಟರಲ್ಲಿ ನಮಗೆ ತೊಡಕಾಗುವುದು ಎರಡು. ‘ಅವರು ನನ್ನ ಅಣ್ಣ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಹಾಗಿದ್ದೂ ವಾಕ್ಯ ಪೂರ್ಣವಾಗಿದೆ. ಅದೇ ಅಭ್ಯಾಸದಿಂದ ‘ಹಿ ಮೈ ಬ್ರದರ್’ ಎಂದುಬಿಡುತ್ತೇವೆ. ಇಂಗ್ಲಿಷಿಗೆ ಅಲ್ಲೊಂದು ‘ಈಸ್’ ಬೇಕೇ ಬೇಕು.

ಎರಡನೆಯ ತೊಡಕು ಇನ್ನೂ ಆಳದ್ದು. ನಮ್ಮ ಭಾಷೆಗಳಲ್ಲಿ ಹಸಿವು, ಜ್ವರ, ನೆನಪು, ಇಷ್ಟ ಎಲ್ಲವೂ ನಮ್ಮ ಬಳಿಗೆ ಬರುತ್ತವೆ. ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಇಬ್ಬರು ಮಕ್ಕಳು, ನನಗೆ ಗೊತ್ತು, ನನಗೆ ಈಜಲು ಬರುತ್ತದೆ. ತುಳುವಿನ ‘ಎಂಕ್’, ಕೊಂಕಣಿಯ ‘ಮಾಕಾ’ ಕೂಡ ಇದೇ ಕೆಲಸ ಮಾಡುತ್ತವೆ. ಇಂಗ್ಲಿಷಿನಲ್ಲಿ ಹಸಿವು ಬರುವುದಿಲ್ಲ. ಅಲ್ಲಿ ‘ಐ’ ಮುಂದೆ ನಿಂತು ಎಲ್ಲವನ್ನೂ ತಾನೇ ಹೊರುತ್ತದೆ: ‘ಐ ಆಮ್ ಹಂಗ್ರಿ’, ‘ಐ ಹ್ಯಾವ್ ಎ ಫೀವರ್’, ‘ಐ ಹ್ಯಾವ್ ಟು ಚಿಲ್ಡ್ರನ್’, ‘ಐ ನೋ’, ‘ಐ ಕ್ಯಾನ್ ಸ್ವಿಮ್’. ‘ಟು ಮಿ ಹಂಗ್ರಿ’ ಎಂದು ಹೇಳಿ ಮುಖ ಕೆಂಪಾಗಿಸಿಕೊಂಡ ಒಬ್ಬ ಅಮ್ಮನಿಗೆ ಇದನ್ನು ವಿವರಿಸಿದೆ. “ಹಾಗಾದರೆ ನಾನು ಹೇಳಿದ್ದು ಕನ್ನಡದಲ್ಲಿ ಸರಿಯೇ” ಎಂದು ಅವರು ನೆಟ್ಟಗೆ ಕುಳಿತರು. ಆ ದಿನದಿಂದ ಅವರ ದನಿಯೇ ಬದಲಾಯಿತು.

ಅಭ್ಯಾಸ ಹೀಗಿರಲಿ: ‘ನನಗೆ’ ಎಂದು ಆರಂಭವಾಗುವ, ನೀವು ದಿನವೂ ಆಡುವ ಹದಿನೈದು ವಾಕ್ಯಗಳನ್ನು ಕನ್ನಡದಲ್ಲಿ ಬರೆಯಿರಿ. ಪ್ರತಿಯೊಂದನ್ನೂ ‘ಐ’ ಎಂದು ಆರಂಭಿಸಿ ಗಟ್ಟಿಯಾಗಿ ಹೇಳಿ. ಹತ್ತು ದಿನ ಇಷ್ಟೇ ಸಾಕು.

‘ಅಲ್ಲಿ’ ಪ್ರತ್ಯಯದ ಬಗ್ಗೆಯೂ ಒಂದು ಮಾತು. ಉಡುಪಿಯಲ್ಲಿ, ಬಸ್ ನಿಲ್ದಾಣದಲ್ಲಿ, ಬಸ್ಸಿನಲ್ಲಿ, ಮೂರಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ: ‘ಇನ್ ಉಡುಪಿ’, ‘ಆ್ಯಟ್ ದ ಬಸ್ ಸ್ಟ್ಯಾಂಡ್’, ‘ಆನ್ ದ ಬಸ್’. ಇದಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ. ಪದದ ಜೊತೆಗೇ ಕಲಿತುಬಿಡಿ.

ಎ2: ಉತ್ತರ ಸಾಲದು, ಪ್ರಶ್ನೆ ಕೇಳಲು ಬರಬೇಕು

ಅಂಗಡಿ, ದಾರಿ, ದಿನಚರಿ, ನಿನ್ನೆ ನಡೆದದ್ದು, ನಾಳೆ ಮಾಡಬೇಕಾದದ್ದು ಇವು ಎ2ರ ಕ್ಷೇತ್ರ. ಮಣಿಪಾಲದಲ್ಲಿ ಬೇರೆ ರಾಜ್ಯಗಳ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹೋಗುವ ಎಷ್ಟೋ ಆಟೋ ಚಾಲಕರು ಯಾವ ಕ್ಲಾಸಿಗೂ ಹೋಗದೆ ಈ ಮಟ್ಟ ತಲುಪಿದ್ದಾರೆ. ಎಲ್ಲಿಗೆ, ಯಾವ ಗೇಟು, ಎಷ್ಟು ಜನ, ಕಾಯಬೇಕೇ ಎಂದು ಅವರು ದಿನವಿಡೀ ಪ್ರಶ್ನೆ ಕೇಳುತ್ತಾರೆ. ಅವರ ಕಲಿಕೆಯ ಗುಟ್ಟು ಅಲ್ಲಿದೆ. ಶಾಲೆಯಲ್ಲಿ ನಮಗೆ ಉತ್ತರ ಬರೆಯಲು ಕಲಿಸಿದರು, ಪ್ರಶ್ನೆ ಕೇಳುವ ಅವಕಾಶ ನಮ್ಮ ಬಾಯಿಗೆ ಸಿಗಲೇ ಇಲ್ಲ.

ಕನ್ನಡದಲ್ಲಿ ಪ್ರಶ್ನೆ ಮಾಡುವುದು ಸುಲಭ. ವಾಕ್ಯದ ಕೊನೆಯನ್ನು ಎಳೆದರಾಯಿತು: ಬರುತ್ತೀರಿ, ಬರುತ್ತೀರಾ? ಇಂಗ್ಲಿಷಿನಲ್ಲಿ ‘ಡು, ಡಸ್, ಡಿಡ್’ ಎಂಬ ಸಹಾಯಕ ಕ್ರಿಯಾಪದ ಎದ್ದು ಬಂದು ಮುಂದೆ ನಿಲ್ಲಬೇಕು. ಅಲ್ಲೇ ‘ಡಿಡ್ ಯು ವೆಂಟ್’, ‘ಐ ಡಿಡ್ ನಾಟ್ ವೆಂಟ್’ ಎಂಬ ತಪ್ಪು ಹುಟ್ಟುತ್ತದೆ. ಇದಕ್ಕೆ ಕನ್ನಡದಲ್ಲೇ ಔಷಧಿ ಇದೆ. ‘ಹೋದೆ’ ಎಂಬುದನ್ನು ಅಲ್ಲಗಳೆಯುವಾಗ ನಾವು ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ. ಅಲ್ಲಿ ‘ಹೋಗು’ ಧಾತು ತನ್ನ ಮೂಲರೂಪಕ್ಕೆ ಮರಳಿದೆ. ಇಂಗ್ಲಿಷಿನಲ್ಲೂ ಹಾಗೆಯೇ. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತಮೇಲೆ ‘ವೆಂಟ್’ ಮರಳಿ ‘ಗೋ’ ಆಗುತ್ತದೆ. ‘ಹೋಗಲಿಲ್ಲ’ ನೆನಪಾದರೆ ‘ಡಿಡ್ ನಾಟ್ ಗೋ’ ತಾನಾಗಿ ಬರುತ್ತದೆ. ಈ ಹೋಲಿಕೆ ಹೇಳಿಕೊಟ್ಟ ಮೇಲೆ ನನ್ನ ತರಗತಿಯಲ್ಲಿ ಈ ತಪ್ಪು ಎದ್ದು ಕಾಣುವಷ್ಟು ಕಡಿಮೆಯಾಗಿದೆ.

‘ಬರುತ್ತೇನೆ’ ಎಂಬ ಒಂದೇ ರೂಪ ನಮಗೆ ದಿನದ ರೂಢಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ಇಂಗ್ಲಿಷ್ ಅವನ್ನು ಬೇರ್ಪಡಿಸುತ್ತದೆ: ರೂಢಿಗೆ ‘ಐ ಕಮ್’, ನಾಳೆಗೆ ‘ಐ ವಿಲ್ ಕಮ್’. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದೆಂದು ‘ಬರುತ್ತೇನೆ’ ಎನ್ನುವುದು ನಮ್ಮ ಸೌಜನ್ಯ. ತುಳುವರು ‘ಪೋದು ಬರ್ಪೆ’ ಎನ್ನುತ್ತಾರೆ. ಅದನ್ನೇ ‘ಐ ವಿಲ್ ಕಮ್’ ಎಂದು ಹೇಳಿ ಎದ್ದು ಹೋದರೆ ಹೊರನಾಡಿನವರು ನೀವು ಈಗಲೇ ಮರಳುತ್ತೀರೆಂದು ಕಾಯುತ್ತಾ ಕೂರುತ್ತಾರೆ. ಅಲ್ಲಿ ‘ಸೀ ಯು’ ಸಾಕು.

ಸೌಜನ್ಯದ ಮಾತು ಬಂತಲ್ಲ, ಇನ್ನೊಂದನ್ನು ಹೇಳಬೇಕು. ಮಲ್ಪೆಯ ಹೋಮ್‌ಸ್ಟೇ ಒಂದರ ಒಡತಿ ಒಮ್ಮೆ ಬೇಸರದಿಂದ ನನ್ನಲ್ಲಿ ಕೇಳಿದರು: “ಅತಿಥಿಗಳಿಗೆ ಒಳ್ಳೆಯ ಮಾತಿನಲ್ಲೇ ಹೇಳಿದೆ, ಆದರೂ ಅವರ ಮುಖ ಬಿಗಿಯಿತು. ಯಾಕೆ?” ಅವರು ಹೇಳಿದ್ದು ‘ಗಿವ್ ಮಿ ಯುವರ್ ಆಧಾರ್ ಕಾರ್ಡ್’ ಎಂದು. ಮನಸ್ಸಿನಲ್ಲಿದ್ದದ್ದು ‘ಸ್ವಲ್ಪ ನಿಮ್ಮ ಆಧಾರ್ ಕಾರ್ಡ್ ಕೊಡಿ’. ಕನ್ನಡದಲ್ಲಿ ‘ಸ್ವಲ್ಪ’ ಮತ್ತು ‘ಕೊಡಿ’ಯ ‘ಇ’ಕಾರ ಇಡೀ ವಿನಯವನ್ನು ಹೊತ್ತಿದ್ದವು. ಇಂಗ್ಲಿಷಿಗೆ ಹೋಗುವಾಗ ಎರಡೂ ದಾರಿಯಲ್ಲೇ ಬಿದ್ದುಹೋದವು, ಉಳಿದದ್ದು ಬರಿಯ ಅಪ್ಪಣೆ. ನಾವಿಬ್ಬರೂ ಕುಳಿತು ಅವರು ದಿನವೂ ಆಡುವ ಹನ್ನೆರಡು ವಾಕ್ಯಗಳನ್ನು ‘ಕುಡ್ ಐ’, ‘ಕುಡ್ ಯು’, ‘ವುಡ್ ಯು ಲೈಕ್’ ಎಂದು ಬದಲಾಯಿಸಿದೆವು. ‘ಕುಡ್ ಐ ಸೀ ಯುವರ್ ಆಧಾರ್ ಕಾರ್ಡ್, ಪ್ಲೀಸ್?’ ಎಂಬುದನ್ನು ಅವರು ಅಡುಗೆ ಮಾಡುತ್ತಾ ಹೇಳಿ ಹೇಳಿ ರೂಢಿ ಮಾಡಿಕೊಂಡರು. ಗಿರಾಕಿಗಳೊಡನೆ ವ್ಯವಹರಿಸುವ ಯಾರೇ ಆಗಲಿ ಎ2ರಲ್ಲಿ ಮೊದಲು ಕಲಿಯಬೇಕಾದದ್ದು ಇದನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿ1: ಕಥೆ ಹೇಳಬೇಕು, ಪದ ಸಿಗದಿದ್ದರೂ ನಿಲ್ಲಬಾರದು

ಹೆಚ್ಚಿನವರು ನಿಂತುಬಿಡುವುದು ಎ2 ಮತ್ತು ಬಿ1ರ ನಡುವೆ. ಬಿ1ರಲ್ಲಿ ನಡೆದ ಘಟನೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬೇಕು, ಅನಿಸಿದ್ದಕ್ಕೆ ಕಾರಣ ಕೊಡಬೇಕು, ಪ್ರಯಾಣದಲ್ಲಿ ಎದುರಾಗುವ ಸಾಮಾನ್ಯ ಸನ್ನಿವೇಶಗಳನ್ನು ಒಬ್ಬರೇ ನಿಭಾಯಿಸಬೇಕು.

ನಾನು ಮೊದಲು ತಿದ್ದುವುದು ‘ಯೆಸ್’ ಮತ್ತು ‘ನೋ’. ಇದು ಎ1ರ ಪಾಠವಲ್ಲವೇ ಎಂದು ನೀವು ಕೇಳಬಹುದು. ಒಬ್ಬ ನರ್ಸ್ ಹೇಳಿದ ಸನ್ನಿವೇಶ ಕೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಖಾಲಿ ಹೊಟ್ಟೆಯಲ್ಲಿರಬೇಕು. ಹೊರರಾಜ್ಯದ ವೈದ್ಯರು ಇಂಗ್ಲಿಷಿನಲ್ಲಿ, ರೋಗಿ ಏನೂ ತಿಂದಿಲ್ಲವೇ ಎಂದು ಕೇಳಿದರು: ‘ಹ್ಯಾಸಿಂಟ್ ಶಿ ಈಟನ್ ಎನಿಥಿಂಗ್?’ ನರ್ಸ್ ಥಟ್ಟನೆ ‘ಯೆಸ್ ಡಾಕ್ಟರ್’ ಎಂದರು. ಕನ್ನಡದಲ್ಲಿ ಅದು ಸರಿ. ‘ತಿಂದಿಲ್ಲವೇ?’ ಎಂದರೆ ‘ಹೌದು, ತಿಂದಿಲ್ಲ.’ ನಾವು ಒಪ್ಪುವುದು ಕೇಳಿದವರ ಮಾತನ್ನು. ಇಂಗ್ಲಿಷಿನಲ್ಲಿ ‘ಯೆಸ್’ ಎಂದರೆ ತಿಂದಿದ್ದಾಳೆ ಎಂದೇ ಅರ್ಥ. ಅಲ್ಲಿ ಉತ್ತರ ಪ್ರಶ್ನೆಯನ್ನು ಹಿಂಬಾಲಿಸುವುದಿಲ್ಲ, ನಡೆದ ಸಂಗತಿಯನ್ನು ಹಿಂಬಾಲಿಸುತ್ತದೆ. ವೈದ್ಯರು ಇನ್ನೊಮ್ಮೆ ಕೇಳಿದ್ದರಿಂದ ಗೊಂದಲ ಅಲ್ಲಿಗೇ ಮುಗಿಯಿತು. ಆದ್ದರಿಂದ ಇಲ್ಲ ಎಂಬ ದನಿಯ ಪ್ರಶ್ನೆಗೆ ಬರಿಯ ‘ಯೆಸ್’, ‘ನೋ’ ಹೇಳಬೇಡಿ. ‘ನೋ, ಶಿ ಹ್ಯಾಸಿಂಟ್ ಈಟನ್’ ಎಂದು ಪೂರ್ತಿ ವಾಕ್ಯವನ್ನೇ ಹೇಳಿ. ಆಸ್ಪತ್ರೆ, ಬ್ಯಾಂಕು, ಹಡಗು, ಎಲ್ಲಿ ದುಡಿಯುವವರಿಗೂ ಇದು ಬೇಕು.

ಈ ಮಟ್ಟದ ವ್ಯಾಕರಣದಲ್ಲಿ ಮುಖ್ಯ ಮುಳ್ಳು ‘ಹ್ಯಾವ್’ ಬೆರೆತ ಭೂತಕಾಲ. ‘ನಿನ್ನೆಯೇ ಕಳುಹಿಸಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು. ಹಾಗೆಂದು ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದರೆ ತಪ್ಪು. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದ ಕೂಡಲೇ ಇಂಗ್ಲಿಷ್ ‘ಹ್ಯಾವ್’ ಅನ್ನು ಹೊರಗೆ ಕಳುಹಿಸುತ್ತದೆ: ‘ಐ ಸೆಂಟ್ ಇಟ್ ಯೆಸ್ಟರ್‌ಡೇ’. ಸಮಯ ಹೇಳದೆ, ಅದರ ಫಲ ಈಗಲೂ ಇದೆ ಎಂದು ತೋರಿಸುವಾಗ ‘ಐ ಹ್ಯಾವ್ ಸೆಂಟ್ ಇಟ್’.

‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ಪ್ರತಿ ಸಂದರ್ಶನದಲ್ಲೂ ಬರುವ ವಾಕ್ಯ. ಅದನ್ನು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಹೇಳದವರು ವಿರಳ. ‘ಇಂದ’ ಪ್ರತ್ಯಯವೇ ನಮ್ಮನ್ನು ‘ಸಿನ್ಸ್’ ಕಡೆಗೆ ಎಳೆಯುತ್ತದೆ. ಆರಂಭದ ದಿನ ಹೇಳುವುದಾದರೆ ‘ಸಿನ್ಸ್’, ಅವಧಿ ಹೇಳುವುದಾದರೆ ‘ಫಾರ್’. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂಬುದನ್ನು ನಿಮ್ಮ ಸ್ವಂತ ವಿವರ ಹಾಕಿ ನೂರು ಸಲ ಹೇಳಿ. ನಿಯಮ ತಿಳಿಯುವುದು ಆಮೇಲಾದರೂ ಪರವಾಗಿಲ್ಲ. ಹಾಗೆಯೇ ಮಳೆ ಬಂದರೆ ಎನ್ನಲು ‘ಇಫ್ ಇಟ್ ರೇನ್ಸ್’ ಸಾಕು, ‘ಇಫ್’ ಇರುವ ತುಂಡಿನಲ್ಲಿ ‘ವಿಲ್’ ಬೇಡ.

ಇನ್ನು ಪದ ಸಿಗದಾಗಿನ ಉಪಾಯ. ಬಿ1 ಮಟ್ಟವನ್ನು ನಾನು ಪರೀಕ್ಷಿಸುವುದು ಪತ್ರೊಡೆಯಿಂದ. ಉತ್ತರ ಭಾರತದ ಒಬ್ಬರು ಎದುರಿಗಿದ್ದಾರೆ, ಪತ್ರೊಡೆ ಎಂದರೇನು ಎಂದು ಹೇಳಿ. ‘ಕೆಸುವಿಗೆ ಇಂಗ್ಲಿಷಿನಲ್ಲಿ ಏನು?’ ಎಂದು ಅಲ್ಲೇ ನಿಂತರೆ ಎ2. ‘ಇಟ್ ಈಸ್ ಮೇಡ್ ವಿತ್ ಬಿಗ್ ಗ್ರೀನ್ ಲೀವ್ಸ್. ವಿ ಸ್ಪ್ರೆಡ್ ಎ ಸ್ಪೈಸಿ ರೈಸ್ ಪೇಸ್ಟ್ ಆನ್ ದ ಲೀವ್ಸ್, ರೋಲ್ ದೆಮ್ ಆ್ಯಂಡ್ ಸ್ಟೀಮ್ ದೆಮ್’ ಎಂದು ಸುತ್ತಿ ಬಳಸಿಯಾದರೂ ದಾಟಿದರೆ ಬಿ1. ಪತ್ರೊಡೆ ಆದಮೇಲೆ ಕೋರಿರೊಟ್ಟಿ, ಕಂಬಳ, ಯಕ್ಷಗಾನದ ಬಣ್ಣಗಾರಿಕೆ. ಕಂಬಳ ವಿವರಿಸುವಾಗ ‘ಕೋಣಗಳ ಹಿಂದೆ ಓಡುವ ಮನುಷ್ಯ’ ಎನ್ನಬೇಕಾಗುತ್ತದೆ. ನಮ್ಮಲ್ಲಿ ವಿಶೇಷಣ ಮೊದಲು ಬಂದು ‘ಮನುಷ್ಯ’ ಕೊನೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು, ಓಟ ಆಮೇಲೆ: ‘ದ ಮ್ಯಾನ್ ಹೂ ರನ್ಸ್ ಬಿಹೈಂಡ್ ದ ಬಫಲೋಸ್’. ಊರಿನ ಸಂಗತಿಯನ್ನೇ ಹೇಳುತ್ತಾ ಹೋದರೆ ‘ಹೂ’, ‘ವಿಚ್’, ‘ವೇರ್’ ಎಲ್ಲವೂ ಅಗತ್ಯಕ್ಕೆ ತಕ್ಕಂತೆ ಬಾಯಿಗೆ ಬರುತ್ತವೆ.

ಬಿ2: ವಾದಿಸಬೇಕು, ಒಪ್ಪಬೇಕು, ತಿದ್ದಿಕೊಳ್ಳಬೇಕು

ಕಂಪನಿ ಸಂದರ್ಶನ, ವಿದೇಶದ ಓದು, ಕೆಲಸ ಇವುಗಳಲ್ಲಿ ಹೆಚ್ಚಿನವು ಬಯಸುವುದು ಈ ಮಟ್ಟವನ್ನು. ವಿದೇಶಕ್ಕೆ ಹೊರಟವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಗಳಲ್ಲಿ 5.5ರಿಂದ 6.5 ಬಿ2ಕ್ಕೆ, 7ರಿಂದ 8 ಸಿ1ಕ್ಕೆ ಸಮ. ಇಲ್ಲಿ ಎದುರಿನವರಿಗೂ ನಿಮಗೂ ಆಯಾಸವಾಗದಂತೆ ಸಂಭಾಷಣೆ ಸಾಗಬೇಕು. ಒಂದು ವಿಷಯದ ಎರಡು ಬದಿಯನ್ನೂ ಹೇಳಿ ನಿಮ್ಮ ನಿಲುವು ತಿಳಿಸಬೇಕು. ತಪ್ಪುಗಳು ಆಗಬಹುದು, ಆದರೆ ಅಪಾರ್ಥ ಹುಟ್ಟಿಸುವಂಥವು ಆಗಬಾರದು.

ಷರತ್ತಿನ ವಾಕ್ಯಗಳಲ್ಲಿ ಕನ್ನಡ ನಿಮಗೆ ಅರ್ಧ ದಾರಿಯವರೆಗೆ ಜೊತೆ ಬರುತ್ತದೆ. ‘ಬಂದಿದ್ದರೆ ಹೇಳುತ್ತಿದ್ದೆ’ ಎಂದಾಗ ಬರಲಿಲ್ಲ, ಹೇಳಲಿಲ್ಲ ಎಂದು ನಮಗೆ ಗೊತ್ತು. ಇಂಗ್ಲಿಷಿನ ‘ಇಫ್ ಹಿ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಟೋಲ್ಡ್ ಹಿಮ್’ ಅದರ ನೆರಳಿನಂತಿದೆ. ತೊಡಕಿರುವುದು ‘ಬಂದರೆ’ ಎಂಬಲ್ಲಿ. ನಿಜವಾಗಿ ಬರಬಹುದು ಎಂಬಾಗಲೂ ಬರಿಯ ಕಲ್ಪನೆಯಾಗಿರುವಾಗಲೂ ನಾವು ‘ಬಂದರೆ’ ಎಂದೇ ಹೇಳಬಲ್ಲೆವು. ಇಂಗ್ಲಿಷ್ ಎರಡನ್ನೂ ಬೇರ್ಪಡಿಸುತ್ತದೆ. ಬರುವ ಸಾಧ್ಯತೆ ಇದ್ದರೆ ‘ಇಫ್ ಹಿ ಕಮ್ಸ್’, ಕಲ್ಪನೆ ಮಾತ್ರವಾದರೆ ‘ಇಫ್ ಹಿ ಕೇಮ್’.

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಕನ್ನಡ ‘ನಾಳೆ ಬರುತ್ತೇನೆ ಎಂದರು’ ಎಂದು ಅವರ ಮಾತನ್ನೇ ಇದ್ದಂತೆ ಎತ್ತಿಡುತ್ತದೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’: ‘ಹಿ ಸೆಡ್ ಹಿ ವುಡ್ ಕಮ್’. ಪ್ರಶ್ನೆಯೊಳಗೆ ಪ್ರಶ್ನೆ ಬಂದಾಗಲೂ ಜೋಕೆ. ‘ಕುಡ್ ಯು ಟೆಲ್ ಮಿ ವೇರ್ ದ ಆಫೀಸ್ ಈಸ್?’ ಎಂಬಲ್ಲಿ ‘ಈಸ್’ ಕೊನೆಗೆ ಸರಿಯುತ್ತದೆ. ಇನ್ನು ನಮ್ಮ ‘ಅಲ್ಲವೇ?’ ಎಲ್ಲ ವಾಕ್ಯಕ್ಕೂ ಒಂದೇ, ಹಾಗಾಗಿ ಎಲ್ಲದಕ್ಕೂ ‘ಈಸಿಂಟ್ ಇಟ್’ ಅಂಟಿಸುತ್ತೇವೆ. ನಮ್ಮ ದೇಶದಲ್ಲಿ ಅದು ನಡೆಯುತ್ತದೆ. ಹೊರಗೆ ಪರೀಕ್ಷೆಗೆ ಕೂರುವವರು ‘ಯು ಆರ್ ಕಮಿಂಗ್, ಆರಿಂಟ್ ಯು?’ ಎಂಬ ಜೋಡಿಗಳನ್ನು ರೂಢಿ ಮಾಡಿಕೊಳ್ಳಲಿ.

ಅಭ್ಯಾಸಕ್ಕೆ ಐಇಎಲ್‌ಟಿಎಸ್ ಮಾತಿನ ಪರೀಕ್ಷೆಯ ಎರಡನೆಯ ಭಾಗವನ್ನೇ ಬಳಸಿ, ಪರೀಕ್ಷೆ ಬರೆಯುವವರಲ್ಲದಿದ್ದರೂ ಸರಿ. ಒಂದು ವಿಷಯ ಎತ್ತಿಕೊಂಡು ಒಂದು ನಿಮಿಷ ಯೋಚಿಸಿ, ಎರಡು ನಿಮಿಷ ಮಾತನಾಡುವುದು. ವಿಷಯ ನಮ್ಮವೇ ಇರಲಿ: ಮಂಗಳೂರಿನ ಹಂಪನಕಟ್ಟೆಯಲ್ಲಿ ವಾಹನ ನಿಲ್ಲಿಸುವ ಪಾಡು, ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬೇಕೇ, ಶಾಲೆಯಲ್ಲಿ ತುಳು ಕಲಿಸಬೇಕೇ. ಮನಸ್ಸಿಗೆ ಹತ್ತಿರವಾದ ವಿಷಯದಲ್ಲಿ ಮಾತು ತಡೆಯಿಲ್ಲದೆ ಬರುತ್ತದೆ.

ಸಿ1, ಸಿ2

ಸಿ1ಕ್ಕೆ ಬಂದವರಿಗೆ ಹೊಸ ನಿಯಮಗಳು ಹೆಚ್ಚಿಲ್ಲ. ಸಂದರ್ಭಕ್ಕೆ ತಕ್ಕ ದನಿ ಬೇಕು, ಒತ್ತು ಎಲ್ಲಿ ಬೀಳಬೇಕೆಂಬ ಅರಿವು ಬೇಕು. ಒತ್ತು ಕೊಡಲು ಕನ್ನಡಕ್ಕೆ ‘ಏ’ ಎಂಬ ಒಂದಕ್ಷರ ಸಾಕು: ಇವತ್ತೇ, ಅವನೇ, ಇಲ್ಲೇ. ‘ಟುಡೇ ಓನ್ಲಿ’, ‘ಹಿಯರ್ ಓನ್ಲಿ’ ಎಂಬ ನಮ್ಮ ಪ್ರಯೋಗ ಹುಟ್ಟಿದ್ದು ಅಲ್ಲಿಂದಲೇ. ಇಂಗ್ಲಿಷ್ ಅದೇ ಕೆಲಸವನ್ನು ದನಿಯ ಏರಿಕೆಯಿಂದ ಮಾಡುತ್ತದೆ, ಇಲ್ಲವೇ ವಾಕ್ಯವನ್ನೇ ಸೀಳಿ ಮಾಡುತ್ತದೆ: ‘ಇಟ್ ವಾಸ್ ಹಿ ಹೂ ಟೋಲ್ಡ್ ಮಿ.’ ನೀವು ಆಡುವ ಪ್ರತಿ ‘ಓನ್ಲಿ’ಯನ್ನು ಹಿಡಿದು, ಅದರ ಹಿಂದೆ ‘ಏ’ ಅಡಗಿದೆಯೇ ನೋಡಿ. ‘ಎ, ಆ್ಯನ್, ದ’ ಎಂಬ ಪುಟ್ಟ ಪದಗಳು ಕನ್ನಡದಲ್ಲಿ ಇಲ್ಲದ್ದರಿಂದ ಅವು ಈ ಮಟ್ಟದಲ್ಲೂ ಕೈಕೊಡುತ್ತವೆ. ಓದಿನಿಂದ ಮಾತ್ರ ಅವು ಪಳಗುತ್ತವೆ, ಆದ್ದರಿಂದ ಗಟ್ಟಿಯಾಗಿ ಓದಿ.

ಸಿ2 ಎಂದರೆ ಇಂಗ್ಲಿಷರಂತೆ ಆಗುವುದು ಎಂಬ ತಪ್ಪು ತಿಳಿವಳಿಕೆ ಇದೆ. ಚೌಕಟ್ಟು ಮಾಡಿದವರೇ ಅದನ್ನು ಅಲ್ಲಗಳೆದಿದ್ದಾರೆ. ಅರ್ಥದ ಸೂಕ್ಷ್ಮ ಛಾಯೆಗಳನ್ನು ನಿಖರವಾಗಿ ತಿಳಿಸಬಲ್ಲವರು ಅಲ್ಲಿದ್ದಾರೆ, ಉಚ್ಚಾರ ಯಾವ ಊರಿನದ್ದಾದರೂ ಆಗಬಹುದು. ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಕನ್ನಡವೂ ಇಂಗ್ಲಿಷೂ ಎರಡೂ ಅವರಿಗೆ ತಾಯ್ನುಡಿಯಲ್ಲ. ಅಂಥ ಕೆಲಸ ನಡೆದ ಕರಾವಳಿಯಲ್ಲಿ ನಾವಿದ್ದೇವೆ.

ಉಚ್ಚಾರದಲ್ಲಿ ಮೂರು

ಬಸ್ಸು, ರೋಡು, ಕಾರು ಎಂದು ಪದದ ಕೊನೆಗೆ ‘ಉ’ ಸೇರಿಸುವುದು ಕನ್ನಡಕ್ಕೆ ಚಂದ. ಇಂಗ್ಲಿಷ್ ಮಾತನಾಡುವಾಗ ಅದನ್ನು ಬಿಡಿ. ‘ಎಗ್’ ಅನ್ನು ‘ಯೆಗ್’, ‘ಓನ್ಲಿ’ಯನ್ನು ‘ವೋನ್ಲಿ’ ಎನ್ನುತ್ತೀರಾ ಎಂದು ರೆಕಾರ್ಡಿಂಗ್ ಕೇಳಿ ನೋಡಿ. ಮೂರನೆಯದು ಹೆಚ್ಚು ಮುಖ್ಯ: ನಾವು ಎಲ್ಲ ಅಕ್ಷರಗಳನ್ನೂ ಸಮನಾಗಿ ನುಡಿಯುತ್ತೇವೆ, ಇಂಗ್ಲಿಷ್ ಒಂದನ್ನು ಎತ್ತಿ ಉಳಿದವನ್ನು ತಗ್ಗಿಸುತ್ತದೆ. ‘ಫೋಟೋಗ್ರಾಫ್’ ಪದದಲ್ಲಿ ಒತ್ತು ‘ಫೋ’ ಮೇಲೆ, ‘ಫೊಟಾಗ್ರಫಿ’ಯಲ್ಲಿ ‘ಟಾ’ ಮೇಲೆ. ಹೊಸ ಪದ ಕಲಿಯುವಾಗ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆದುಕೊಳ್ಳಿ.

ಬಸ್ಸಿನಲ್ಲಿ ಅಭ್ಯಾಸ

ಸಮಯವಿಲ್ಲ ಎನ್ನುವವರಿಗೆ ನಾನು ಕೊಡುವ ಅಭ್ಯಾಸ ಬಸ್ಸಿನದು. ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ತುಟಿ ಅಲುಗಿಸದೆ, ಮನಸ್ಸಿನಲ್ಲೇ ಮಾತನಾಡಿ. ಕಟಪಾಡಿ ದಾಟುವವರೆಗೆ ಕಿಟಕಿಯಾಚೆ ಕಾಣುವುದನ್ನು ಈಗ ನಡೆಯುತ್ತಿರುವಂತೆ ಹೇಳಿ. ಕಾಪುವಿನಿಂದ ಪಡುಬಿದ್ರಿಯವರೆಗೆ ನಿನ್ನೆಯ ದಿನ. ಮೂಲ್ಕಿಯವರೆಗೆ ನಾಳೆಯ ಕೆಲಸ. ಸುರತ್ಕಲ್ ಬರುವವರೆಗೆ ಐದು ಪ್ರಶ್ನೆ, ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ನೀವು ಕೇಳಬಹುದಾದಂಥವು. ಅಲ್ಲಿಂದ ಕೊಟ್ಟಾರದವರೆಗೆ ‘ಇಫ್’ ಹಾಕಿ ಏನನ್ನಾದರೂ ಕಲ್ಪಿಸಿಕೊಳ್ಳಿ. ಎ2ರವರು ಮೊದಲ ಮೂರನ್ನು ಮಾಡಲಿ, ಬಿ1 ದಾಟಿದವರು ಐದನ್ನೂ ಮಾಡಲಿ. ಸಿಗದ ಪದಗಳನ್ನು ಮೊಬೈಲಿನಲ್ಲಿ ಬರೆದಿಟ್ಟು ಇಳಿದಮೇಲೆ ಹುಡುಕಿ.

ವಾರಕ್ಕೆರಡು ಸಲ ಜೊತೆಗಾರರೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ನಿಮಿಷದ ಧ್ವನಿ ಸಂದೇಶ ಕಳುಹಿಸಿ, ಅವರೂ ಕಳುಹಿಸಲಿ. ತಿದ್ದುವಾಗ ಒಂದು ಸಂದೇಶದಲ್ಲಿ ಒಂದೇ ತಪ್ಪು, ಅದೂ ನೀವು ಈಗ ತೆಗೆಯುತ್ತಿರುವ ಮುಳ್ಳಿಗೆ ಸೇರಿದ್ದು ಮಾತ್ರ. ಹತ್ತು ತಪ್ಪು ಎತ್ತಿ ತೋರಿಸಿದರೆ ಮುಂದಿನ ಸಂದೇಶ ಬರುವುದೇ ಇಲ್ಲ, ನಾನು ನೋಡಿದ್ದೇನೆ.

ಮೂರು ತಿಂಗಳಾದ ಮೇಲೆ ಅದೇ ಪ್ರಶ್ನೆಗೆ, ‘ನಿನ್ನೆ ಏನೇನು ಮಾಡಿದೆ’ ಎಂಬುದಕ್ಕೆ, ಮತ್ತೆ ಎರಡು ನಿಮಿಷ ರೆಕಾರ್ಡ್ ಮಾಡಿ. ಮೊದಲು ಹಳೆಯದನ್ನು ಕೇಳಿ, ಆಮೇಲೆ ಹೊಸದನ್ನು. ಆಗ ಬರೆದಿಟ್ಟ ಮೂರು ತಪ್ಪುಗಳಲ್ಲಿ ಈಗ ಕೇಳಿಸದಿರುವುದಕ್ಕೆ ಗೆರೆ ಎಳೆಯಿರಿ. ಉಳಿದದ್ದರ ಕೆಳಗೆ ಹೊಸದೊಂದನ್ನು ಬರೆಯಿರಿ.